ಪೇಸ್ಟು ಹಚ್ಚಿದ ಕೈ

ಮೊನ್ನೆ ಕೊಡಿಗೇಹಳ್ಳಿ ಕಡೆಯವರೊಬ್ಬರು ಹಿಡಿ ಮುರಿದ ಆರಾಮ ಕುರ್ಚಿಯೊಂದನ್ನು ತಂದಿದ್ದರು. ಶೆಡ್ಡಿನ ಬಾಗಿಲಲ್ಲೇ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಇದು ರಿಪೇರಿ ಮಾಡುವ ಜಾಗವೋ ನರ್ಸಿಂಗ್ ಹೋಮೋ ಎಂದು ಕೇಳಿದರು. ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ಈ ಮಾತಿಗೆ ನಗುವುದು ಈಗ ಅಭ್ಯಾಸವಾಗಿದೆ.

ಅವರ ತಪ್ಪೇನಿಲ್ಲ. ಬ್ಯಾಟರಾಯನಪುರದ ನಮ್ಮ ಮನೆಯ ಹಿಂದಿರುವ ಈ ಶೆಡ್ಡು ಅಪ್ಪನ ಕಾಲದಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆ. ರಿಟೈರಾದ ಮೇಲೆ ಇಲ್ಲೇ ಹಳೆಯ ಮರದ ಸಾಮಾನು ರಿಪೇರಿ ಮಾಡಿ ಪಾಲಿಶ್ ಹಾಕುತ್ತೇನೆ. ಬಾಗಿಲ ಬಲಕ್ಕೆ, ಎದೆಯ ಎತ್ತರದಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅದರ ಕೆಳಗೆ ಎರಡು ಬಕೆಟ್ ಮರಳು. ಬಕೆಟ್ಟಿಗೆ ಮುಚ್ಚಳ ಬೇರೆ ಮಾಡಿಸಬೇಕಾಯಿತು; ಬೀದಿಯ ಬೆಕ್ಕೊಂದು ಆ ಮರಳು ತನ್ನ ಅನುಕೂಲಕ್ಕೆಂದೇ ಇಟ್ಟದ್ದೆಂದು ತಿಳಿದು ದಿನಾ ಬೆಳಿಗ್ಗೆ ಬಂದುಹೋಗುತ್ತಿತ್ತು. ಎಡಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅದರ ಪಕ್ಕ ಮೊಳೆಗೆ ನೇತುಹಾಕಿದ ಉಣ್ಣೆಯ ಕಂಬಳಿ. ಪಾಲಿಶ್ ಮೆತ್ತಿದ ಬಟ್ಟೆ ಹಾಕಲು ಮುಚ್ಚಳವಿರುವ ತಗಡಿನ ಡಬ್ಬ. ಹೊರಗೆ ಬಾಗಿಲಿಗೆ ಹೊಂದಿಕೊಂಡೇ ಒಂದು ನಲ್ಲಿ.

ತಿಂಗಳ ಮೊದಲ ದಿನ ಇವನ್ನೆಲ್ಲ ಇಳಿಸಿ ನೋಡುತ್ತೇನೆ. ಕನ್ನಡಕ ಹಾಕಿಕೊಂಡು ಮುಲಾಮಿನ ತಾರೀಖು ಓದುತ್ತೇನೆ. ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ, ಒಳಗಿನ ಪುಡಿ ಗಟ್ಟಿಯಾಗದಿರಲಿ ಎಂದು ತಲೆಕೆಳಗು ಮಾಡಿ ಅಲುಗಿಸುತ್ತೇನೆ. ಯಲಹಂಕದಲ್ಲಿರುವ ಮಗಳು ಸವಿತ ಒಮ್ಮೆ ಅದನ್ನು ನೋಡಿ, ಅಪ್ಪ ಮಗುವಿಗೆ ಹಾಲು ಕುಡಿಸಿ ತೇಗು ಬರಿಸುತ್ತಿರುವ ಹಾಗಿದೆ ಎಂದಿದ್ದಳು.

ಇಷ್ಟು ಎಚ್ಚರದ ಮನುಷ್ಯ ಹುಟ್ಟಿನಿಂದಲೇ ಹೀಗಿದ್ದಿರಬೇಕು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ, ಮೂವತ್ತೊಂದು ವರ್ಷ ಜನ ನನ್ನನ್ನು ಹಾಗೆಯೇ ನಂಬಿದ್ದರು. ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಲ್ಲಿನ ಸುರಕ್ಷತಾ ಸಮಿತಿಯಲ್ಲಿ ನಾನು ಖಾಯಂ ಸದಸ್ಯ. ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹ ಬಂದರೆ ಕ್ಯಾಂಟೀನಿನ ಮುಂದೆ ಶಾಮಿಯಾನ, ಮೈಕು, ಮತ್ತು ನಾನು. ಎಣ್ಣೆ, ಥಿನ್ನರ್ ಹೊತ್ತಿಕೊಂಡರೆ ನೀರು ಹಾಕಬಾರದು, ಮುಚ್ಚಿ ಆರಿಸಬೇಕು. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕು, ಬೇರೇನನ್ನೂ ಹಚ್ಚಬಾರದು. ಎಣ್ಣೆ ಬೇಡ, ಶಾಯಿ ಬೇಡ, ಪೇಸ್ಟು ಬೇಡ. ಈ ಮೂರು ‘ಬೇಡ’ಗಳನ್ನು ಹೇಳುವಾಗ ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಹೊಸದಾಗಿ ಸೇರಿದವರು ಹಿಂದಿನ ಸಾಲಿನಲ್ಲಿ ಕೂತು ನನ್ನ ಹಾಗೇ ಬೆರಳು ಮಡಚಿ ಅಣಕಿಸುತ್ತಿದ್ದರು. ಒಂದು ವರ್ಷ ಒಳ್ಳೆಯ ಭಾಷಣಕ್ಕೆಂದು ನನಗೆ ಬಹುಮಾನವನ್ನೂ ಕೊಟ್ಟರು: ಬಿಳಿ ತಗಡಿನ, ಮೇಲೆ ಕೆಂಪು ಗುರುತಿದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

ಮನೆಗೆ ತಂದ ವಾರದೊಳಗೆ ಅದರಲ್ಲಿದ್ದ ಹತ್ತಿ, ಬ್ಯಾಂಡೇಜನ್ನೆಲ್ಲ ತೆಗೆದು ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಅಟ್ಟದ ಮೇಲೆ ಎಸೆದೆ. ಪೆಟ್ಟಿಗೆ ಚೆನ್ನಾಗಿತ್ತು, ಒಳಗೆ ಖಾನೆಗಳಿದ್ದವು. ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆಬೇರೆ ಇಡಲು ಅಂಥದ್ದೇ ಒಂದನ್ನು ಹುಡುಕುತ್ತಿದ್ದೆ. ಬೆಂಕಿ ಆರಿಸುವ ಸಿಲಿಂಡರೂ ನನ್ನಲ್ಲಿತ್ತು. ಗೊರಗುಂಟೆಪಾಳ್ಯದ ಹತ್ತಿರ ಬಾಗಿಲು ಮುಚ್ಚಿದ ಒಂದು ವರ್ಕ್‌ಶಾಪಿನಿಂದ ತಂದದ್ದು. ಅದನ್ನು ಶೆಡ್ಡಿನ ಗೋಡೆಗೆ ನೇತುಹಾಕಿದೆ. ಆಮೇಲೆ ಪ್ಲೈವುಡ್ ಹಲಗೆಗಳು ಬಂದವು; ಅವನ್ನು ಅದೇ ಗೋಡೆಗೆ ಒರಗಿಸಿದೆ. ಹಲಗೆಯ ಹಿಂದೆ ಸಿಲಿಂಡರು ಇದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ.

ಗಾಯ, ಮದ್ದು ಎಂದಕೂಡಲೇ ನನಗೆ ನೆನಪಾಗುವುದು ನಮ್ಮ ದೊಡ್ಡಮ್ಮ, ಪಿಳ್ಳಮ್ಮ. ಅಪ್ಪನ ಅಣ್ಣನ ಹೆಂಡತಿ. ಪಕ್ಕದ ಮನೆಯೇ ಅವರದು. ಮೊದಲು ಎರಡೂ ಒಂದೇ ಮನೆ, ಪಾಲಾದಾಗ ನಡುವೆ ಗೋಡೆ ಎದ್ದಿತು. ಆ ಗೋಡೆಯಲ್ಲಿ ಒಬ್ಬರು ತೂರುವಷ್ಟು ದಾರಿ ಬಿಡಿಸಿದವರು ದೊಡ್ಡಮ್ಮನೇ. ನಾವು ಮಕ್ಕಳು ಈಗ ಅಪಾರ್ಟ್‌ಮೆಂಟುಗಳಿರುವ ಹೊಲದಲ್ಲಿ ಕಾಲು ಕುಯ್ದುಕೊಂಡು, ಮಂಡಿ ತರಚಿಕೊಂಡು ಬಂದರೆ ಅಮ್ಮನ ಹತ್ತಿರ ಹೋಗುತ್ತಿರಲಿಲ್ಲ, ಅಲ್ಲಿ ಮೊದಲು ಏಟು ಬೀಳುತ್ತಿತ್ತು. ದೊಡ್ಡಮ್ಮ ತಮ್ಮ ತಗಡಿನ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲಿ ಅರಿಶಿನ, ಸುಟ್ಟ ಬಟ್ಟೆಯ ಬೂದಿ, ಬಜೆ, ಕೊಬ್ಬರಿ ಎಣ್ಣೆ. ಗಾಯದ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡಿದರೆ ಪ್ರಾಣ ಹೋದಂತೆ ಉರಿಯುತ್ತಿತ್ತು. ಆದರೆ ಸುಟ್ಟ ಗಾಯಕ್ಕೆ ಮಾತ್ರ ಅವರು ಡಬ್ಬಿ ತೆಗೆದವರಲ್ಲ. ಒಮ್ಮೆ ಕುದಿಯುವ ಎಸರು ನನ್ನ ಪಾದದ ಮೇಲೆ ಬಿದ್ದಾಗ ನನ್ನನ್ನು ಹೊತ್ತುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿ ಕೊಡಗಟ್ಟಲೆ ನೀರು ಸುರಿದಿದ್ದರು. ಅವರಿಗೆ ಯಾವ ಸಮಿತಿಯೂ ಕಲಿಸಿದ್ದಲ್ಲ.

ಆ ದಿನದ ಮಾತಿಗೆ ಬರುತ್ತೇನೆ. ನಾನು ಸುತ್ತಿಬಳಸುತ್ತಿದ್ದೇನೆ ಎಂದು ನಿಮಗೂ ಗೊತ್ತಾಗಿರಬೇಕು.

ಬೆಳಿಗ್ಗೆ ಹನ್ನೊಂದರ ಹೊತ್ತು. ಹಳೆಯ ತೇಗದ ಮಂಚವೊಂದಕ್ಕೆ ಪಾಲಿಶ್ ಹಾಕುತ್ತಿದ್ದೆ. ಥಿನ್ನರ್ ಬೆರೆಸಿದ ಅಗಲ ಬಾಯಿಯ ಡಬ್ಬ ಕಾಲ ಬಳಿ ಇತ್ತು, ಅದರ ಪಕ್ಕ ಒರೆಸಿದ ಬಟ್ಟೆಗಳ ಗುಡ್ಡೆ. ಮಂಚದ ಕಾಲಿನ ಒಂದು ಬೋಲ್ಟು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ. ಪಾಲಿಶ್ ಡಬ್ಬವನ್ನು ಹೊರಗಿಟ್ಟು ಬರುವುದು ಹತ್ತು ಹೆಜ್ಜೆಯ ಕೆಲಸ. ಇಡಲಿಲ್ಲ. ಗ್ರೈಂಡರ್ ತೆಗೆದುಕೊಂಡು ಬೋಲ್ಟನ್ನು ಕತ್ತರಿಸತೊಡಗಿದೆ. ಕಿಡಿಗಳು ಬಟ್ಟೆಯ ಮೇಲೆ ಬಿದ್ದವು. ಬಟ್ಟೆ ಹೊತ್ತಿದ್ದು, ಡಬ್ಬ ಹೊತ್ತಿದ್ದು ಎರಡೂ ಒಟ್ಟಿಗೇ ಆದಂತೆ ಕಂಡಿತು.

ನಾನು ಸಿಲಿಂಡರಿನ ಕಡೆ ಓಡಿದೆ. ಐದು ಹಲಗೆಗಳು. ಒಂದನ್ನು ಎಳೆದೆ, ಎರಡನೆಯದನ್ನು ಎಳೆದೆ. ಅಷ್ಟರಲ್ಲಿ ಜಯ, ನನ್ನ ಹೆಂಡತಿ, ಬಟ್ಟೆ ಒಗೆಯುತ್ತಿದ್ದವಳು ಹೊಗೆ ನೋಡಿ ನೀರಿನ ಬಕೆಟ್ ಎತ್ತಿಕೊಂಡು ಬಂದಳು. ನಾನು ಬೇಡ ಎಂದು ಕೂಗಿದೆನೋ, ಕೂಗಬೇಕೆಂದುಕೊಂಡೆನೋ ಇವತ್ತಿಗೂ ಗೊತ್ತಿಲ್ಲ. ಅವಳು ಡಬ್ಬದ ಮೇಲೆ ನೀರೆರಚಿದಳು. ಬೆಂಕಿ ನೀರಿನ ಮೇಲೆ ಹತ್ತಿಕೊಂಡು ಅವಳತ್ತ ನೆಗೆಯಿತು. ಅವಳು ತೊಟ್ಟಿದ್ದದ್ದು ಪಾಲಿಯೆಸ್ಟರ್ ನೈಟಿ. ಬಲತೋಳು ಹೊತ್ತಿತು.

ಕಾರ್ಖಾನೆಯ ಸಾವಿರಾರು ಜನಕ್ಕೆ ಹೇಳಿದ್ದ ಮಾತನ್ನು ನನ್ನ ಮನೆಯ ಒಬ್ಬಳಿಗೆ ಹೇಳಿರಲಿಲ್ಲ.

ಸಿಲಿಂಡರು ಕೈಗೆ ಸಿಕ್ಕಾಗ ಒತ್ತಿದರೆ ಉಸ್ ಎಂದು ಒಂದು ಹಿಡಿ ಪುಡಿ ಉದುರಿ ನಿಂತಿತು. ಜಯಳನ್ನು ಉಳಿಸಿದವರು ದೊಡ್ಡಮ್ಮ. ಎಂಬತ್ತು ದಾಟಿದ್ದ ಅವರು ಗೋಡೆಯ ದಾರಿಯಿಂದ ಒದ್ದೆ ಗೋಣಿಚೀಲ ಹಿಡಿದು ಬಂದು ಅವಳಿಗೆ ಸುತ್ತಿ ನೆಲಕ್ಕೆ ಕೆಡವಿ ಮೇಲೆ ಬಿದ್ದರು. ತೋಳಿನ ಬೆಂಕಿ ಆರಿತು. ಶೆಡ್ಡಿನೊಳಗಿನದು ಹೊತ್ತಲು ಏನೂ ಉಳಿಯದೆ ತಾನೇ ಆರಿತು, ಆ ಮಂಚ, ಅರ್ಧ ಛಾವಣಿ ಹೋದ ಮೇಲೆ.

"ನೀರ್ ಉಯ್ಯೋ ನಾಣಿ," ಎಂದರು ದೊಡ್ಡಮ್ಮ ನನಗೆ. "ಕೈಗ್ ನೀರ್ ಉಯ್ಯಿ."

ನಾನು ಶೆಡ್ಡಿನ ಬಾಗಿಲ ಹೊರಗಿದ್ದ ಬಹುಮಾನದ ಪೆಟ್ಟಿಗೆಯ ಕಡೆ ಹೋದೆ. ತೆರೆದರೆ ಸ್ಕ್ರೂಗಳು. ಜಯ ಉರಿ, ಉರಿ ಎಂದು ಒಂದೇ ಸಮನೆ ನರಳುತ್ತಿದ್ದಳು. ನಾನು ಮನೆಯೊಳಗೆ ಓಡಿ, ಬಚ್ಚಲಿನಲ್ಲಿ ಕಣ್ಣಿಗೆ ಬಿದ್ದ ಪೇಸ್ಟಿನ ಟ್ಯೂಬ್ ತಂದು, ಸುಟ್ಟ ಅಂಗೈಗೆ, ಬೆರಳುಗಳಿಗೆ, ಮುಂಗೈಗೆ ಪೂರಾ ಹಿಂಡಿ ಸವರಿದೆ. ಯಾಕೆ ಎಂದು ಕೇಳಬೇಡಿ. ತಣ್ಣಗಿರುತ್ತದೆ ಎನ್ನಿಸಿತು. ಏನಾದರೂ ಮಾಡುತ್ತಿರಬೇಕು ಎನ್ನಿಸಿತು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಬೇಡ ಎಂದರು. ಅವರ ಕೈ ಕೊಡವಿದೆ.

ಹತ್ತಿರದ ನರ್ಸಿಂಗ್ ಹೋಮಿನವರು ಬಾಗಿಲಲ್ಲೇ ನೋಡಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಆಟೋ ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತೇಬಿಟ್ಟಿತು. ಜಯ ಕೈಯನ್ನು ಮೇಲಕ್ಕೆತ್ತಿ ಹಿಡಿದಿದ್ದಳು. ಪೇಸ್ಟು ಒಣಗಿ ಬಿರುಕುಬಿಡುತ್ತಿತ್ತು. ನಾನು ಅದರ ಮೇಲೆ ಊದುತ್ತಿದ್ದೆ.

ಆಸ್ಪತ್ರೆಯಲ್ಲಿ ಅದನ್ನು ತೆಗೆಯಲು ಒಬ್ಬ ನರ್ಸ್‌ಗೆ ಬಹಳ ಹೊತ್ತು ಹಿಡಿಯಿತು. ನೀರು ಹನಿಸಿ, ನೆನೆಸಿ, ಮೆಲ್ಲಗೆ ಎಬ್ಬಿಸಬೇಕು. ಎಬ್ಬಿಸಿದ ಕಡೆ ಪೇಸ್ಟಿನ ಜೊತೆಗೆ ಚರ್ಮವೂ ಬರುತ್ತಿತ್ತು. ಜಯ ಕಿರುಚಿಕೊಳ್ಳುವುದನ್ನೂ ನಿಲ್ಲಿಸಿ ಕಣ್ಣು ಮುಚ್ಚಿ ಮಲಗಿದ್ದಳು. ಆ ನರ್ಸ್ ತಲೆಯೆತ್ತದೆ ಕೇಳಿದಳು: "ಯಾರ್ರೀ ಇದನ್ನ ಹಚ್ಚಿದ್ದು?"

"ಮನೇಲಿ ವಯಸ್ಸಾದವರು ಇದ್ದಾರೆ ಸಿಸ್ಟರ್," ಎಂದೆ.

ಗಮನಿಸಿ, ಸುಳ್ಳಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದದ್ದು ನಿಜವೇ. ಅಂಥ ಮಾತು ಅಷ್ಟು ಬೇಗ, ಅಷ್ಟು ನಯವಾಗಿ ಹೇಗೆ ಬಂತೋ. ಆ ನರ್ಸ್ ಲೊಚಗುಟ್ಟಿದಳು. ಡಾಕ್ಟರು ಬಂದಾಗ ಅವಳೇ ಹೇಳಿದಳು, ಮನೆಯ ಅಜ್ಜಿ ಪೇಸ್ಟ್ ಹಚ್ಚಿದ್ದಾರಂತೆ ಎಂದು. ನಾನು ತಿದ್ದಲಿಲ್ಲ. ಸವಿತಳಿಗೂ ಅದೇ ಮಾತು ಹೋಯಿತು. ಸಂಜೆಯ ಹೊತ್ತಿಗೆ ನೆಂಟರಿಗೆಲ್ಲ ಗೊತ್ತಾಗಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಒಂದು ಕಡೆ ಡಬ್ಬಿಯಲ್ಲಿ ಬೂದಿ, ಬಜೆ ಇಟ್ಟುಕೊಂಡ ಓದುಬರಹ ಬಾರದ ಮುದುಕಿ. ಇನ್ನೊಂದು ಕಡೆ ಸುರಕ್ಷತೆಯ ಭಾಷಣಕ್ಕೆ ಬಹುಮಾನ ಪಡೆದ ನಾನು.

ಇಪ್ಪತ್ತಾರು ದಿನ ಜಯ ಆಸ್ಪತ್ರೆಯಲ್ಲಿದ್ದಳು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಕೈ ಉಳಿಯಿತು. ಕಿರುಬೆರಳು, ಉಂಗುರಬೆರಳು ಎರಡೂ ಒಳಕ್ಕೆ ಬಾಗಿ ಹಾಗೇ ನಿಂತವು, ಹೆಬ್ಬೆರಳು ಪೂರ್ತಿ ಮಡಚದಾಯಿತು. ಜಯ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದವಳು. ಸೆರಗಿನ ಎಳೆಗಳನ್ನು ಬೆರಳ ತುದಿಯಲ್ಲೇ ಎಣಿಸಿ, ಹೊಸೆದು, ಮಣಿ ಪೋಣಿಸಿ ಗಂಟು ಹಾಕುವಾಗ ಅವಳು ಕೈ ನೋಡುತ್ತಲೇ ಇರಲಿಲ್ಲ. ಟೀವಿ ನೋಡಿಕೊಂಡು, ಮಾತಾಡಿಕೊಂಡು ಕಟ್ಟುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅರ್ಧ ಕಟ್ಟಿದ್ದ ಹಸಿರು ರೇಷ್ಮೆ ಸೀರೆಯೊಂದನ್ನು ಒಯ್ಯಲು ಅದರ ಯಜಮಾನಿ ಬಂದರು. ಪರವಾಗಿಲ್ಲ ಜಯಮ್ಮ, ಬೇರೆ ಕಡೆ ಕಟ್ಟಿಸ್ಕೋತೀನಿ ಎಂದರು. ಅವರು ಹೋದ ಮೇಲೆ ಜಯ ಮಣಿಗಳ ಡಬ್ಬಗಳನ್ನೆಲ್ಲ ಎಡಗೈಯಿಂದಲೇ ಒಂದೊಂದಾಗಿ ಮುಚ್ಚಿದಳು.

ಅದೇ ವಾರ ದೊಡ್ಡಮ್ಮ ಅವಳನ್ನು ನೋಡಲು ಬಂದರು. ಹಿಂದೆಯೇ ಅವರ ಮಗ ಗೋಪಾಲಣ್ಣ. ಇದ್ದ ಜಮೀನಿನಲ್ಲಿ ಮನೆಗಳನ್ನು ಕಟ್ಟಿ ಅನುಕೂಲವಾಗಿರುವವನು, ಕೆಟ್ಟವನಲ್ಲ, ಮಾತು ಒರಟು. ಅಂಗಳದಲ್ಲೇ ತಾಯಿಯನ್ನು ನಿಲ್ಲಿಸಿ, ನಿನ್ನ ಹಳ್ಳಿ ವೈದ್ಯ ಸಾಕು, ಒಬ್ಬರ ಕೈ ತೆಗೆದದ್ದಾಯಿತು, ಇನ್ನು ಯಾರ ಮನೆಯವರನ್ನೂ ಮುಟ್ಟಬೇಡ ಎಂದ. ದೊಡ್ಡಮ್ಮ ಹಿಂದೆಯೇ ಹೋದರೂ ಕೇಳದೆ ತಮ್ಮ ಮನೆಯೊಳಗೆ ಹೋಗಿ ಅವರ ತಗಡಿನ ಡಬ್ಬಿಯನ್ನು ತಂದು ನಮ್ಮೆದುರೇ ರಸ್ತೆಯ ಮೋರಿಗೆ ಎಸೆದ.

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ನಲ್ಲಿಯ ವಾಷರ್ ಬಿಗಿ ಮಾಡುತ್ತಾ ಕೂತಿದ್ದೆ. ಬಿಗಿಯಾಗಿದ್ದ ವಾಷರನ್ನೇ ಮತ್ತೆ ಬಿಗಿ ಮಾಡಿದೆ.

"ಆಯ್ತು ಬುಡಪ್ಪ," ಎಂದರು ಮಗನಿಗೆ. "ಇನ್ ಮುಟ್ಟಕಿಲ್ಲ."

ಅಲ್ಲಿಂದ ಅವರು ಗೋಡೆಯ ದಾರಿಯಿಂದ ಬರುವುದನ್ನು ನಿಲ್ಲಿಸಿದರು. ಜಯಳೇ ದಿನಾ ಅಲ್ಲಿಗೆ ಹೋಗುತ್ತಿದ್ದಳು. ಗೋಪಾಲಣ್ಣ ಸೈಟಿಗೆ ಹೋದ ಮೇಲೆ ಮುದ್ದೆ, ಸೊಪ್ಪಿನ ಸಾರು ಒಯ್ದು ಒಂದು ಗಂಟೆ ಕೂತು ಬರುತ್ತಿದ್ದಳು. ಬಂದಾಗ ಅವಳ ಕೈಗೆ ಕೊಬ್ಬರಿ ಎಣ್ಣೆಯ ವಾಸನೆ ಇರುತ್ತಿತ್ತು. ಆಸ್ಪತ್ರೆಯವರು ದಿನಾ ಎಣ್ಣೆ ಹಾಕಿ ಬೆರಳು ತಿಕ್ಕಬೇಕು ಎಂದಿದ್ದರು; ಅದನ್ನು ದೊಡ್ಡಮ್ಮ ಮಾಡುತ್ತಿದ್ದರು. ನಾನು ತಿಕ್ಕುತ್ತೇನೆ ಎಂದು ಒಮ್ಮೆ ಕೈ ಚಾಚಿದಾಗ ಜಯ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ನೋವಿರಬೇಕು ಎಂದುಕೊಂಡೆ. ಮುದುಕಿಯ ತಪ್ಪನ್ನು ಇವಳು ಹೊಟ್ಟೆಗೆ ಹಾಕಿಕೊಂಡಿದ್ದಾಳಲ್ಲ, ಎಂಥ ದೊಡ್ಡ ಮನಸ್ಸು ಎಂದೂ ಅಂದುಕೊಂಡೆ. ಆ ಹೊತ್ತಿಗೆ ನನಗೇ ಅದು ಮುದುಕಿಯ ತಪ್ಪು ಎನ್ನಿಸತೊಡಗಿತ್ತು. ಮನುಷ್ಯನಿಗೆ ಅದೇನೂ ಕಷ್ಟವಲ್ಲ.

ಶೆಡ್ಡಿಗೆ ಹೊಸ ಛಾವಣಿ ಬಂತು. ಸಿಲಿಂಡರು, ಮರಳು, ಕಂಬಳಿ, ಪೆಟ್ಟಿಗೆ ಎಲ್ಲ ಬಂದವು. ನನ್ನ ಮುಂಜಾಗ್ರತೆ ಬಡಾವಣೆಯಲ್ಲಿ ಹೆಸರಾಗಿ, ನಿವಾಸಿಗಳ ಸಂಘದವರು ಒಂದು ಭಾನುವಾರ ಮಾತಾಡಲು ಕರೆದರು. ಹೋದೆ. ಮೈಕು ಹಿಡಿದರೆ ನಾನು ಹಳೆಯ ನಾನೇ. ನಮ್ಮ ಮನೆಯ ಕಥೆಯನ್ನೇ ಉದಾಹರಣೆಯಾಗಿ ಹೇಳಿದೆ. ಹಿರಿಯರು ಪ್ರೀತಿಯಿಂದಲೇ ಶಾಯಿ, ಪೇಸ್ಟು ಹಚ್ಚಲು ಬರುತ್ತಾರೆ, ದಯವಿಟ್ಟು ತಡೆಯಿರಿ ಎಂದು ಹೇಳಿ ಬೆರಳು ಮಡಚಿ ಎಣಿಸಿದೆ. ಚಪ್ಪಾಳೆ ಬಿತ್ತು. ಎರಡನೆಯ ಸಾಲಿನಲ್ಲಿ ಕೂತಿದ್ದ ಜಯ ಎದ್ದು ಹೋದಳು. ಮನೆಗೆ ಬಂದು ಕೇಳಿದರೆ ಸೆಕೆಯಾಯಿತು ಎಂದಳು.

ಬೆಂಕಿ ಬಿದ್ದು ಎರಡು ವರ್ಷವಾದ ಮೇಲೆ ದೊಡ್ಡಮ್ಮ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಜಯ ಅವರ ತಲೆದೆಸೆಯಲ್ಲಿದ್ದಳು. ನಾನೂ ಒಮ್ಮೆ ಹೋಗಿ ಬಾಗಿಲಲ್ಲಿ ನಿಂತು ಬಂದಿದ್ದೆ. ಒಳಗೆ ಸೊಸೆ, ಮೊಮ್ಮಕ್ಕಳು, ಇನ್ನಾರಾರೋ ಇದ್ದರು. ಅಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದುಕೊಂಡೆ. ಜನ ಇಲ್ಲದ ದಿನಗಳು ಎರಡು ವರ್ಷದಲ್ಲಿ ಎಷ್ಟೋ ಹೋಗಿದ್ದವು.

ಹನ್ನೊಂದನೆಯ ದಿನದ ಊಟ ಮುಗಿಸಿ ಬಂದ ಮಧ್ಯಾಹ್ನ ಜಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಎಡಗೈಯಲ್ಲಿ ತಿಕ್ಕಿ, ಬಾಗಿದ ಬಲಗೈಯಲ್ಲಿ ತಟ್ಟೆಯನ್ನು ಎದೆಗೊತ್ತಿ ಹಿಡಿದಿದ್ದಳು. ಅವಳ ಬೆನ್ನಿಗೆ ಹೇಳಿದೆ.

"ಅವತ್ತು ಪೇಸ್ಟ್ ಹಚ್ಚಿದ್ದು ದೊಡ್ಡಮ್ಮ ಅಲ್ಲ ಜಯ."

ಅವಳು ತಿರುಗಲಿಲ್ಲ. "ಸುಟ್ಟಿದ್ದು ಕೈ ಕಣ್ರೀ," ಎಂದಳು. "ಕಣ್ಣಲ್ಲ."

ನಾನು ಕಟ್ಟೆಯ ಮೇಲೆ ಕೂತೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಗೋಪಾಲ ಭಾವಂಗೆ ಹೇಳಕ್ಕೆ ಡಬ್ಬಿ ಎಸೆದ ದಿನಾನೇ ಹೊರಟಿದ್ದೆ. ದೊಡ್ಡತ್ತೇನೇ ಬೇಡ ಅಂದ್ರು." ಜಯ ತಟ್ಟೆಯನ್ನು ಬೋರಲು ಹಾಕಿದಳು. "ಅವ್ನೇ ಬಂದು ಏಳ್ತಾನೆ, ಸುಮ್ಕಿರು ಅಂದ್ರು. ಸಣ್ಣೋನಾಗಿದ್ದಾಗ್ಲೂ ಅಂಗೇ, ತಪ್ಪು ಮಾಡಿದ್ರೆ ಎಲ್ಡು ಮೂರ್ ದಿನ ತಡ್ಕಂಡು ಆಮೇಲ್ ಬಂದು ಏಳೋನು ಅಂದ್ರು."

ಇನ್ನೊಂದು ತಟ್ಟೆ ತೊಳೆದಳು. "ಗೋಡೆ ಹತ್ರ ಸದ್ದಾದಾಗೆಲ್ಲ ತಿರುಗಿ ನೋಡೋರು," ಎಂದಳು.

ನಾನು ಆಗಲೇ ಎದ್ದು ಪಕ್ಕದ ಮನೆಗೆ ಹೋದೆ. ಶಾಮಿಯಾನ ಬಿಚ್ಚುತ್ತಿದ್ದರು. ಗೋಪಾಲಣ್ಣ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಬೋಳಿಸಿದ ತಲೆಯ ಮೇಲೆ ಕೈಯಾಡಿಸುತ್ತಾ ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಪೇಸ್ಟಿನದು, ಆಸ್ಪತ್ರೆಯದು, ವಾಷರಿನದು, ಭಾಷಣದ್ದು. ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ. ಅವನು ಮೋರಿಯ ಕಡೆ ನೋಡುತ್ತಿದ್ದ.

"ಆ ಡಬ್ಬಿ ತಗೊಳೋವಾಗ ಅಮ್ಮ ಕೈ ಅಡ್ಡ ಇಟ್ಲು ನಾಣಿ," ಎಂದ. "ನಾನು ಕೈ ತಳ್ಬಿಟ್ಟೆ."

ಆಮೇಲೆ ನೀನು ಹೋಗು ಎಂದ. ಮರುವಾರ ಗೋಡೆಯ ದಾರಿಗೆ ಸಿಮೆಂಟ್ ಇಟ್ಟಿಗೆ ಇಟ್ಟು ಮುಚ್ಚಿಸಿದ. ಅಲ್ಲಿಂದೀಚೆಗೆ ನನ್ನೊಡನೆ ಮಾತಿಲ್ಲ. ಎದುರು ಸಿಕ್ಕರೆ ದಾರಿ ಬಿಡುತ್ತಾನೆ. ಸವಿತಳಿಗೂ, ಸಂಘದವರಿಗೂ ಹೇಳಿದೆ. ಸವಿತ ಒಂದು ತಿಂಗಳು ಫೋನ್ ಮಾಡಲಿಲ್ಲ. ಸಂಘದ ಕಾರ್ಯದರ್ಶಿ, ಹೋಗಲಿ ಬಿಡಿ ಸಾರ್, ಆದದ್ದಾಯಿತು ಎಂದರು. ಆ ಮಾತು ಕೇಳಿ ಹಗುರವಾಗಲಿಲ್ಲ.

ಗೋಪಾಲಣ್ಣನ ಮನೆಯಿಂದ ವಾಪಸು ಬಂದ ಆ ಮಧ್ಯಾಹ್ನ ಜಯ ಪಾತ್ರೆಗಳನ್ನೆಲ್ಲ ಒಳಗಿಟ್ಟು ಬಂದಳು. ಹದಿನೈದು ದಿನದಿಂದ ಯಾರೂ ತಿಕ್ಕದೆ ಅವಳ ಬೆರಳುಗಳು ಮರದ ಹಾಗೆ ಬಿಗಿದಿದ್ದವು. ಎಣ್ಣೆಯ ಬಾಟಲಿ ತಂದು ನನ್ನ ಮುಂದಿಟ್ಟು, ಎದುರು ಕೂತು, ಸೆರಗಿನಿಂದ ಕೈ ಹೊರಗೆ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮುಖ ಬೇರೆ ಕಡೆ ಇತ್ತು.

"ಕಿರುಬೆರಳಿಂದ ಶುರು ಮಾಡ್ಬೇಕು," ಎಂದಳು. "ದೊಡ್ಡತ್ತೆ ಹಂಗೇ ಮಾಡ್ತಿದ್ದದ್ದು."